ರಬ್ಬರಿನ ಹಾಲೂ ವೈದ್ಯರ ಕೈಗವಸೂ

ಎಕ್ಕದ ಎಲೆಯನ್ನು ಕಿತ್ತಾಗ, ಕಳ್ಳಿಯ ಕೊಂಬೆಯನ್ನು ಮುರಿದಾಗ, ಹಲಸಿನ ಕಾಯಿಯನ್ನು ಕೊಯ್ದಾಗ ಬಿಳಿಯ ಹಾಲು ಒಸರುವುದನ್ನು ಎಲ್ಲರೂ ಕಂಡಿದ್ದಾರೆ. ಗಿಡಮರಗಳು ಈ ಹಾಲನ್ನು ತಯಾರಿಸಿಕೊಳ್ಳುವುದು ತಮ್ಮ ರಕ್ಷಣೆಗಾಗಿ. ತೊಗಟೆಗೆ ಗಾಯವಾದೊಡನೆ ಹಾಲು ಹರಿದುಬಂದು ಹೆಪ್ಪುಗಟ್ಟಿ ಗಾಯವನ್ನು ಮುಚ್ಚುತ್ತದೆ. ಎಲೆಯನ್ನು ಮೇಯಲು ಬಂದ ಹುಳುವಿನ ಬಾಯಿ ಅದರಲ್ಲಿ ಅಂಟಿಕೊಳ್ಳುತ್ತದೆ. ಹಾಲಿನಲ್ಲಿರುವ ಕೆಲವು ದ್ರವ್ಯಗಳು ಶಿಲೀಂಧ್ರಗಳ ಬೆಳವಣಿಗೆಯನ್ನು ತಡೆಯುತ್ತವೆ. ಇಂತಹ ಹಾಲುಳ್ಳ ಮರಗಳಲ್ಲಿ ಮಾನವನಿಗೆ ಅತ್ಯಂತ ಉಪಯುಕ್ತವಾದುದು ರಬ್ಬರ್ ಮರ. ಮರವು ತನ್ನ ರಕ್ಷಣೆಗಾಗಿ ಸೃಷ್ಟಿಸಿಕೊಂಡ ಈ ಹಾಲನ್ನು ಮಾನವನು ತನ್ನ ರಕ್ಷಣೆಗಾಗಿ ಬಳಸಿಕೊಂಡನು. ಆದರೆ ಆ ರಕ್ಷಣೆಯೇ ಕೆಲವರ ಪ್ರಾಣಕ್ಕೆ ಎರವಾಯಿತು. ಅದು ಹೇಗೆ ಸಂಭವಿಸಿತು, ಅದಕ್ಕೆ ಯಾವ ಪರಿಹಾರ ದೊರೆಯಿತು ಎಂಬುದು ವೈದ್ಯಶಾಸ್ತ್ರದ ಚರಿತ್ರೆಯಲ್ಲಿ ಬೋಧಪ್ರದವಾದ ಒಂದು ಅಧ್ಯಾಯ.

ರಬ್ಬರ್ ಮರದ ತವರು ದಕ್ಷಿಣ ಅಮೆರಿಕದ ಅಮೆಜಾನ್ ನದಿಯ ಕಾಡುಗಳು. 1876ರಲ್ಲಿ ಹೆನ್ರಿ ವಿಕ್‌ಹ್ಯಾಮ್ ಎಂಬ ಆಂಗ್ಲನು ಬ್ರೆಜಿಲ್ ದೇಶದಿಂದ ಸುಮಾರು 70,000 ಬೀಜಗಳನ್ನು ಲಂಡನ್ನಿನ ಕ್ಯೂ ಸಸ್ಯೋದ್ಯಾನಕ್ಕೆ ಸಾಗಿಸಿದನು. ಅಲ್ಲಿ ಮೊಳೆತ ಸಸಿಗಳು ಸಿಂಹಳಕ್ಕೂ ಮಲಯಕ್ಕೂ ಹೋದವು. ಕ್ರಮೇಣ ಏಷ್ಯಾ ಖಂಡವೇ ರಬ್ಬರಿನ ಮುಖ್ಯ ನೆಲೆಯಾಯಿತು. ಭಾರತದಲ್ಲಿ ಕೇರಳವು ರಬ್ಬರ್ ಬೆಳೆಗೆ ಹೆಸರಾಗಿದೆ. ಕರ್ನಾಟಕದ ಸುಳ್ಯ, ಪುತ್ತೂರು, ಬೆಳ್ತಂಗಡಿ ತಾಲ್ಲೂಕುಗಳಲ್ಲಿಯೂ ರಬ್ಬರ್ ತೋಟಗಳಿವೆ. ಅಲ್ಲಿ ಬೆಳಗಿನ ಹೊತ್ತಿನಲ್ಲಿ ಕೆಲಸಗಾರರು ಮರದ ತೊಗಟೆಯನ್ನು ಓರೆಯಾಗಿ ಕೆತ್ತಿ, ಇಳಿದುಬರುವ ಹಾಲನ್ನು ಬಟ್ಟಲುಗಳಲ್ಲಿ ಸಂಗ್ರಹಿಸುತ್ತಾರೆ. ಈ ಹಾಲಿಗೆ ಲ್ಯಾಟೆಕ್ಸ್ ಎಂದು ಹೆಸರು. ಅದರಲ್ಲಿ ನೂರಕ್ಕೆ ಮೂವತ್ತರಿಂದ ನಲವತ್ತು ಭಾಗ ರಬ್ಬರು. ಉಳಿದುದರಲ್ಲಿ ಬಹುಪಾಲು ನೀರು. ನೂರಕ್ಕೆ ಒಂದೆರಡು ಭಾಗ ಮಾತ್ರ ಸಸಾರಜನಕ, ಎಂದರೆ ಪ್ರೋಟೀನು. ಈ ಅಲ್ಪಾಂಶವೇ ಮುಂದೆ ದೊಡ್ಡ ಅನರ್ಥಕ್ಕೆ ಕಾರಣವಾಯಿತು.

ವೈದ್ಯರ ಕೈಗವಸಿನ ಇತಿಹಾಸದಲ್ಲಿ ಅಮೆರಿಕದ ಬಾಲ್ಟಿಮೋರ್ ನಗರಕ್ಕೆ ಒಂದು ವಿಶೇಷ ಸ್ಥಾನವುಂಟು. 1889ರಲ್ಲಿ ಅಲ್ಲಿ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯು ಆರಂಭವಾಯಿತು. ವಿಲಿಯಂ ಹಾಲ್‌ಸ್ಟೆಡ್ ಎಂಬುವನು ಅಲ್ಲಿಯ ಶಸ್ತ್ರವೈದ್ಯನಾಗಿದ್ದನು. ರೋಗಾಣುಗಳನ್ನು ಕೊಲ್ಲುವುದಕ್ಕಾಗಿ ಶಸ್ತ್ರಚಿಕಿತ್ಸೆಗೆ ಮುನ್ನ ಎಲ್ಲರೂ ಪಾದರಸದ ಕ್ಲೋರೈಡ್ ದ್ರಾವಣದಲ್ಲಿ ಕೈಗಳನ್ನು ಅದ್ದಬೇಕಾಗಿತ್ತು. ಅಲ್ಲಿ ದಾದಿಯಾಗಿದ್ದ ಕೆರೊಲಿನ್ ಹ್ಯಾಂಪ್ಟನ್ ಎಂಬಾಕೆಯ ಕೈಗಳು ಈ ದ್ರಾವಣದಿಂದ ಕೆಂಪೇರಿ ಹುಣ್ಣಾದವು. ಕೆಲಸವನ್ನು ಬಿಡಬೇಕಾದ ಸ್ಥಿತಿ ಆಕೆಗೆ ಒದಗಿತು. ಸಮರ್ಥಳಾದ ದಾದಿಯನ್ನು ಕಳೆದುಕೊಳ್ಳಲು ಇಷ್ಟವಿಲ್ಲದ ಹಾಲ್‌ಸ್ಟೆಡ್ಡನು ರಬ್ಬರ್ ಕಂಪನಿಯೊಂದಕ್ಕೆ ಹೇಳಿ ತೆಳುವಾದ ಕೈಗವಸುಗಳನ್ನು ಮಾಡಿಸಿಕೊಟ್ಟನು. ಆಕೆಯ ಕೈಗಳು ಉಳಿದವು. 1890ರಲ್ಲಿ ಅವರಿಬ್ಬರೂ ವಿವಾಹವಾದರು. ಕೈಗವಸನ್ನು ಮೊದಲು ತೊಟ್ಟದ್ದು ದಾದಿಯ ಚರ್ಮದ ರಕ್ಷಣೆಗಾಗಿಯೇ ಹೊರತು ರೋಗಿಯ ರಕ್ಷಣೆಗಾಗಿ ಅಲ್ಲ ಎಂಬುದು ಗಮನಾರ್ಹ. ಕೈಗವಸು ತೊಟ್ಟು ಶಸ್ತ್ರಚಿಕಿತ್ಸೆ ಮಾಡಿದಾಗ ಗಾಯಗಳು ಕೀವಾಗುವುದು ಬಹಳ ಕಡಿಮೆಯೆಂಬ ಸಂಗತಿಯು ಅನಂತರ ಹಾಲ್‌ಸ್ಟೆಡ್ಡನ ಶಿಷ್ಯನಾದ ಜೋಸೆಫ್ ಬ್ಲಡ್‌ಗುಡ್ ಎಂಬುವನ ಪರಿಶೀಲನೆಯಿಂದ ಬೆಳಕಿಗೆ ಬಂದಿತು. ಅಲ್ಲಿಂದ ಮುಂದೆ ಕೈಗವಸು ಶಸ್ತ್ರವೈದ್ಯರ ಅವಿಭಾಜ್ಯ ಸಾಧನವಾಯಿತು.

ಕೈಗವಸುಗಳನ್ನು ತಯಾರಿಸುವ ಕ್ರಮವು ಸ್ವಾರಸ್ಯವಾದುದು. ಕೈಯ ಆಕಾರದ ಪಿಂಗಾಣಿಯ ಅಚ್ಚನ್ನು ಲ್ಯಾಟೆಕ್ಸ್ ಹಾಲಿನಲ್ಲಿ ಅದ್ದಿ ತೆಗೆಯುತ್ತಾರೆ. ಅಚ್ಚಿನ ಮೇಲೆ ತೆಳುವಾದ ಪೊರೆಯೊಂದು ನಿಲ್ಲುತ್ತದೆ. ಹಾಲಿಗೆ ಮೊದಲೇ ಗಂಧಕವನ್ನೂ ಕ್ರಿಯೆಯನ್ನು ತ್ವರಿತಗೊಳಿಸುವ ಕೆಲವು ರಾಸಾಯನಿಕಗಳನ್ನೂ ಬೆರೆಸಿರುತ್ತಾರೆ. ಪೊರೆಯನ್ನು ಕಾಯಿಸಿದಾಗ ಗಂಧಕವು ರಬ್ಬರಿನೊಡನೆ ಸೇರಿ ಅದಕ್ಕೆ ಬಲವನ್ನೂ ಹಿಗ್ಗಿ ಕುಗ್ಗುವ ಗುಣವನ್ನೂ ಕೊಡುತ್ತದೆ. ಗಂಧಕದಿಂದ ರಬ್ಬರನ್ನು ಹದಗೊಳಿಸುವ ಈ ವಿಧಾನವನ್ನು 1839ರಲ್ಲಿ ಚಾರ್ಲ್ಸ್ ಗುಡ್‌ಇಯರ್ ಕಂಡುಹಿಡಿದನು. ಪೊರೆಯನ್ನು ಬಿಸಿನೀರಿನಲ್ಲಿ ಚೆನ್ನಾಗಿ ತೊಳೆಯುವುದು ತಯಾರಿಕೆಯ ಮತ್ತೊಂದು ಹಂತ. ಹಾಗೆ ತೊಳೆದಾಗ ಹಾಲಿನಲ್ಲಿದ್ದ ಪ್ರೋಟೀನುಗಳ ಬಹುಭಾಗವು ಕರಗಿ ಹೋಗುತ್ತದೆ. ತೊಳೆಯುವುದರಲ್ಲಿ ಅವಸರ ಮಾಡಿದರೆ ಅವು ಕೈಗವಸಿನಲ್ಲಿಯೇ ಉಳಿಯುತ್ತವೆ. ಕಣ್ಣಿಗೆ ನೋಡಿದರೆ ಎರಡು ಕೈಗವಸುಗಳಲ್ಲಿ ಯಾವ ಭೇದವೂ ತೋರುವುದಿಲ್ಲ.

ಉಳಿದ ಪ್ರೋಟೀನಿನಿಂದ ಆಗುವ ಹಾನಿಯನ್ನು ಅರಿಯಬೇಕಾದರೆ ಅಲರ್ಜಿ ಎಂದರೇನೆಂಬುದನ್ನು ತಿಳಿಯಬೇಕು. ದೇಹದೊಳಗೆ ನುಗ್ಗುವ ರೋಗಾಣುಗಳನ್ನು ಗುರುತಿಸಿ ಎದುರಿಸುವ ವ್ಯವಸ್ಥೆಯೊಂದು ನಮ್ಮ ದೇಹದಲ್ಲಿದೆ. ಅದು ಊರಿನ ಕಾವಲುಗಾರನಂತೆ. ಕೆಲವೊಮ್ಮೆ ಈ ಕಾವಲುಗಾರನು ನಿರಪರಾಧಿಯಾದ ದಾರಿಹೋಕನನ್ನೂ ಕಳ್ಳನೆಂದು ಭ್ರಮಿಸುತ್ತಾನೆ. ಲ್ಯಾಟೆಕ್ಸ್ ಪ್ರೋಟೀನು ಮೊದಲ ಸಲ ದೇಹವನ್ನು ಹೊಕ್ಕಾಗ ಹೊರಗೆ ಏನೂ ಕಾಣುವುದಿಲ್ಲ. ಆದರೆ ಕೆಲವರಲ್ಲಿ ದೇಹವು ಅದನ್ನು ಶತ್ರುವೆಂದು ನೆನಪಿನಲ್ಲಿಟ್ಟುಕೊಂಡು ಅದರ ವಿರುದ್ಧ ವಿಶಿಷ್ಟವಾದ ಪ್ರತಿಕಾಯಗಳನ್ನು ಸಿದ್ಧಗೊಳಿಸುತ್ತದೆ. ಮುಂದೊಂದು ದಿನ ಅದೇ ಪ್ರೋಟೀನು ಮತ್ತೆ ಬಂದಾಗ ಕೆಲವು ಜೀವಕೋಶಗಳಿಂದ ಹಿಸ್ಟಮಿನ್ ಮೊದಲಾದ ತೀಕ್ಷ್ಣವಾದ ದ್ರವ್ಯಗಳು ಒಮ್ಮೆಗೇ ಹೊರಬರುತ್ತವೆ. ಕೆಲವೇ ನಿಮಿಷಗಳಲ್ಲಿ ಮೈಮೇಲೆ ಗಂಧೆಗಳು ಏಳುತ್ತವೆ, ಕಣ್ಣು ತುಟಿಗಳು ಊದಿಕೊಳ್ಳುತ್ತವೆ, ಉಸಿರು ಕಟ್ಟುತ್ತದೆ, ರಕ್ತದ ಒತ್ತಡ ಕುಸಿಯುತ್ತದೆ. ತಕ್ಷಣ ಚಿಕಿತ್ಸೆ ದೊರೆಯದಿದ್ದರೆ ಪ್ರಾಣಹಾನಿಯೂ ಆಗಬಹುದು. ಮರವನ್ನು ಶಿಲೀಂಧ್ರಗಳಿಂದ ಕಾಪಾಡುವ ಹೆವೀನ್ ಎಂಬ ಪ್ರೋಟೀನೇ ಮಾನವನಲ್ಲಿ ಅಲರ್ಜಿಯನ್ನು ಉಂಟುಮಾಡುವ ಮುಖ್ಯ ಪ್ರೋಟೀನುಗಳಲ್ಲಿ ಒಂದೆಂಬುದು ಆಶ್ಚರ್ಯಕರವಾದ ಸಂಗತಿ.

ರಬ್ಬರ್ ಕೈಗವಸಿನಿಂದ ಆಗುವ ತೊಂದರೆಗಳೆಲ್ಲವೂ ಒಂದೇ ಬಗೆಯವಲ್ಲ. ಕೈಗವಸಿನೊಳಗೆ ಬೆವೆತು, ಪದೇ ಪದೇ ಸೋಪಿನಿಂದ ತೊಳೆದು ಕೈಯ ಚರ್ಮವು ಒಣಗಿ ಬಿರಿಯುವುದು ಮೊದಲನೆಯ ಬಗೆ. ಇದು ಅಲರ್ಜಿಯಲ್ಲ. ರಬ್ಬರನ್ನು ಹದಗೊಳಿಸಲು ಬಳಸಿದ ರಾಸಾಯನಿಕಗಳಿಂದ ಒಂದೆರಡು ದಿನಗಳ ಬಳಿಕ ತುರಿಕೆ, ಗುಳ್ಳೆಗಳು ಕಾಣಿಸಿಕೊಳ್ಳುವುದು ಎರಡನೆಯ ಬಗೆ. ಇದು ಅಲರ್ಜಿಯೇ ಆದರೂ ಸಾಮಾನ್ಯವಾಗಿ ಚರ್ಮಕ್ಕೆ ಸೀಮಿತವಾದುದು. ಹಾಲಿನ ಪ್ರೋಟೀನಿನಿಂದ ನಿಮಿಷಗಳಲ್ಲಿ ಉಂಟಾಗುವುದು ಮೂರನೆಯ ಬಗೆ. ಪ್ರಾಣಾಪಾಯವಿರುವುದು ಈ ಮೂರನೆಯದರಲ್ಲಿ. ಹೊರನೋಟಕ್ಕೆ ಮೂರೂ ಕೈಯ ತುರಿಕೆಯಿಂದಲೇ ಆರಂಭವಾಗುವುದುಂಟು. ಆದ್ದರಿಂದ ಅನೇಕ ವರ್ಷಗಳ ಕಾಲ ಮೂರನೆಯದನ್ನು ಪ್ರತ್ಯೇಕವಾಗಿ ಯಾರೂ ಗುರುತಿಸಲಿಲ್ಲ.

1979ರಲ್ಲಿ ಬ್ರಿಟನ್ನಿನ ಚರ್ಮರೋಗ ಪತ್ರಿಕೆಯೊಂದರಲ್ಲಿ ಚಿಕ್ಕ ವರದಿಯೊಂದು ಪ್ರಕಟವಾಯಿತು. ರಬ್ಬರ್ ಕೈಗವಸು ತೊಟ್ಟ ಸ್ವಲ್ಪ ಹೊತ್ತಿನಲ್ಲಿಯೇ ಮಹಿಳೆಯೊಬ್ಬಳ ಕೈಗಳಲ್ಲಿ ಗಂಧೆಗಳೇಳುತ್ತಿದ್ದುದನ್ನು ಅದರಲ್ಲಿ ವರ್ಣಿಸಲಾಗಿತ್ತು. ಆಗ ಅದು ಅಪರೂಪದ ವಿಚಿತ್ರವೆಂದು ತೋರಿತು. 1987ರಲ್ಲಿ ಫಿನ್ಲೆಂಡಿನ ವೈದ್ಯೆಯೊಬ್ಬರು ಆಸ್ಪತ್ರೆಯ ಸಿಬ್ಬಂದಿಯನ್ನು ಪರೀಕ್ಷಿಸಿದಾಗ ನೂರಕ್ಕೆ ಸುಮಾರು ಮೂವರಲ್ಲಿ ಈ ಅಲರ್ಜಿ ಕಂಡುಬಂದಿತು. ಶಸ್ತ್ರಚಿಕಿತ್ಸಾ ಕೊಠಡಿಗಳಲ್ಲಿ ದುಡಿಯುವವರಲ್ಲಿ ಈ ಪ್ರಮಾಣ ಇನ್ನೂ ಹೆಚ್ಚಾಗಿತ್ತು.

ಅದೇ ಕಾಲದಲ್ಲಿ ಏಡ್ಸ್ ರೋಗದ ಭೀತಿಯು ಜಗತ್ತನ್ನು ಆವರಿಸಿತ್ತು. 1987ರಲ್ಲಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರವು, ಯಾವ ರೋಗಿಯ ರಕ್ತವನ್ನು ಮುಟ್ಟಬೇಕಾದರೂ ಕೈಗವಸು ತೊಡಬೇಕೆಂದು ಸೂಚಿಸಿತು. ಈ ಸೂಚನೆ ಸರಿಯಾದುದೇ. ಆದರೆ ಅದರಿಂದ ಕೈಗವಸುಗಳ ಬೇಡಿಕೆ ಹಠಾತ್ತನೆ ಏರಿತು. ಬೇಡಿಕೆಯನ್ನು ಪೂರೈಸುವ ಆತುರದಲ್ಲಿ ಅನೇಕ ಕಾರ್ಖಾನೆಗಳು ಪೊರೆಯನ್ನು ಸಾಕಷ್ಟು ತೊಳೆಯದೆ ಪೇಟೆಗೆ ಕಳುಹಿಸಿದುವೆಂದು ತಜ್ಞರು ಅಭಿಪ್ರಾಯಪಟ್ಟಿದ್ದಾರೆ. ದಿನಕ್ಕೆ ಹತ್ತಾರು ಜೊತೆ ಕೈಗವಸುಗಳನ್ನು ತೊಟ್ಟು ಬಿಚ್ಚುವ ದಾದಿಯರೂ ವೈದ್ಯರೂ ಪ್ರೋಟೀನಿನ ಸಂಪರ್ಕಕ್ಕೆ ಮತ್ತೆ ಮತ್ತೆ ಒಳಗಾದರು.

ಇದರೊಡನೆ ಇನ್ನೊಂದು ಕಾರಣವೂ ಸೇರಿತು. ಕೈಗವಸು ಸುಲಭವಾಗಿ ಕೈಗೇರಲೆಂದು ಅದರೊಳಗೆ ಮೆಕ್ಕೆಜೋಳದ ಪಿಷ್ಟದ ನುಣ್ಣನೆಯ ಪುಡಿಯನ್ನು ಸವರುತ್ತಿದ್ದರು. ಲ್ಯಾಟೆಕ್ಸ್ ಪ್ರೋಟೀನು ಈ ಪುಡಿಗೆ ಅಂಟಿಕೊಳ್ಳುತ್ತದೆ. ಕೈಗವಸನ್ನು ಸೆಳೆದು ಬಿಚ್ಚಿದಾಗ ಪುಡಿಯು ಗಾಳಿಯಲ್ಲಿ ಹರಡಿ ಬಹಳ ಹೊತ್ತು ತೇಲಾಡುತ್ತದೆ. ಆಗ ಕೈಗವಸನ್ನು ಮುಟ್ಟದವನೂ ಉಸಿರಿನೊಡನೆ ಆ ಪ್ರೋಟೀನನ್ನು ಒಳಗೆಳೆದುಕೊಳ್ಳುತ್ತಾನೆ. ಕೈಯ ತುರಿಕೆಯಿಂದ ಆರಂಭವಾದ ತೊಂದರೆ ಸೀನು, ಕಣ್ಣುರಿ, ಉಬ್ಬಸಗಳಾಗಿ ಬೆಳೆಯಿತು. ರೋಗಿಗಳ ಸೇವೆಯಲ್ಲಿ ನುರಿತ ಎಷ್ಟೋ ದಾದಿಯರಿಗೆ ಆಸ್ಪತ್ರೆಯ ಗಾಳಿಯೇ ಒಗ್ಗದೆ ತಮ್ಮ ವೃತ್ತಿಯನ್ನೇ ತೊರೆಯಬೇಕಾಯಿತು. ಯಾವ ಕೈಗವಸು ನೂರು ವರ್ಷಗಳ ಹಿಂದೆ ಒಬ್ಬ ದಾದಿಯ ಕೈಗಳನ್ನೂ ಉದ್ಯೋಗವನ್ನೂ ಉಳಿಸಿತ್ತೋ ಅದೇ ಕೈಗವಸು ಈಗ ಅನೇಕ ದಾದಿಯರ ಉದ್ಯೋಗವನ್ನು ಕಸಿದುಕೊಂಡಿತು.

ರೋಗಿಗಳ ಪಾಲಿಗೆ ಅಪಾಯವು ಇನ್ನೂ ಘೋರವಾಗಿತ್ತು. ದೊಡ್ಡ ಕರುಳಿನ ಕ್ಷ-ಕಿರಣ ಪರೀಕ್ಷೆಯಲ್ಲಿ ಬೇರಿಯಂ ದ್ರಾವಣವನ್ನು ಕೊಳವೆಯ ಮೂಲಕ ಗುದದ್ವಾರದಿಂದ ಏರಿಸುತ್ತಾರೆ. ಕೊಳವೆಯು ಜಾರದಂತೆ ಅದರ ತುದಿಯಲ್ಲಿ ರಬ್ಬರಿನ ಚಿಕ್ಕ ಬಲೂನೊಂದನ್ನು ಅಳವಡಿಸುತ್ತಿದ್ದರು. ಕರುಳಿನ ಒಳಪೊರೆಯು ತೇವವಾಗಿಯೂ ತೆಳುವಾಗಿಯೂ ಇರುವುದರಿಂದ ಪ್ರೋಟೀನು ಬೇಗನೆ ರಕ್ತವನ್ನು ಸೇರುತ್ತಿತ್ತು. ರೋಗವನ್ನು ಕಂಡುಹಿಡಿಯಲು ಬಂದವರಲ್ಲಿ ಕೆಲವರು ಪರೀಕ್ಷೆಯ ಮೇಜಿನ ಮೇಲೆಯೇ ಉಸಿರುಕಟ್ಟಿ ಕುಸಿದರು. 1990ರ ಜನವರಿಯಿಂದ 1991ರ ಜನವರಿಯವರೆಗೆ ವಿಸ್ಕಾನ್ಸಿನ್ ರಾಜ್ಯದ ಮಕ್ಕಳ ಆಸ್ಪತ್ರೆಯೊಂದರಲ್ಲಿ 11 ಮಂದಿ ಎಳೆಯರಿಗೆ ಶಸ್ತ್ರಚಿಕಿತ್ಸೆಗಾಗಿ ಅರಿವಳಿಕೆ ಕೊಟ್ಟ ಸಮಯದಲ್ಲಿ ತೀವ್ರವಾದ ಅಲರ್ಜಿಯ ಆಘಾತವುಂಟಾಯಿತು. ಅವರಲ್ಲಿ ಬಹುಮಂದಿ ಬೆನ್ನುಮೂಳೆಯು ಪೂರ್ಣವಾಗಿ ಕೂಡಿಕೊಳ್ಳದ ಸ್ಪೈನಾ ಬೈಫಿಡಾ ಎಂಬ ನ್ಯೂನತೆಯೊಡನೆ ಜನಿಸಿದವರು. ಇಂತಹ ಮಕ್ಕಳಿಗೆ ಹುಟ್ಟಿದಂದಿನಿಂದ ಮತ್ತೆ ಮತ್ತೆ ಶಸ್ತ್ರಚಿಕಿತ್ಸೆಯಾಗುತ್ತದೆ. ಮೂತ್ರವನ್ನು ಹೊರತೆಗೆಯಲು ದಿನವೂ ಕೊಳವೆಯನ್ನು ಬಳಸಬೇಕಾಗುತ್ತದೆ. ಹೀಗೆ ಅವರು ರಬ್ಬರಿನ ಸಂಪರ್ಕದಲ್ಲಿಯೇ ಬೆಳೆದವರು. ಯಾರಿಗೆ ವೈದ್ಯರ ನೆರವು ಅತ್ಯಂತ ಹೆಚ್ಚಾಗಿ ಬೇಕಾಗಿತ್ತೋ ಅವರಿಗೇ ಅಪಾಯವೂ ಹೆಚ್ಚಾಗಿತ್ತು.

ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 1991ರ ಮಾರ್ಚಿಯಲ್ಲಿ ವೈದ್ಯರಿಗೆಲ್ಲ ಎಚ್ಚರಿಕೆಯ ಪತ್ರವನ್ನು ಕಳುಹಿಸಿತು. 1988ರಿಂದ 1992ರವರೆಗೆ ಆ ಸಂಸ್ಥೆಗೆ ಲ್ಯಾಟೆಕ್ಸ್ ಅಲರ್ಜಿಯ ಬಗ್ಗೆ ಸಾವಿರಕ್ಕಿಂತ ಹೆಚ್ಚು ವರದಿಗಳು ಬಂದಿದ್ದುವು. ಅವುಗಳಲ್ಲಿ 15 ಮರಣಗಳು ಸೇರಿದ್ದುವು.

ಕೈಗವಸೊಂದೇ ಇದಕ್ಕೆ ಕಾರಣವೆಂದು ತಿಳಿಯಬಾರದು. ಮೂತ್ರದ ಕೊಳವೆಗಳು, ಅರಿವಳಿಕೆ ಕೊಡುವ ಮುಖವಾಡಗಳು, ರಕ್ತದೊತ್ತಡವನ್ನು ಅಳೆಯುವ ಪಟ್ಟಿಗಳು, ಗಾಯಕ್ಕೆ ಹಚ್ಚುವ ಅಂಟುಪಟ್ಟಿಗಳು, ದಂತವೈದ್ಯರು ಬಾಯೊಳಗೆ ಹರಡುವ ರಬ್ಬರ್ ಹಾಳೆ, ಇವುಗಳಲ್ಲೆಲ್ಲ ಸಹಜ ರಬ್ಬರಿನ ಬಳಕೆಯಿತ್ತು. ಕೆಲವೆಡೆ ಇಂದಿಗೂ ಇದೆ. ಔಷಧದ ವಿಷಯದಲ್ಲಿ ಇದು ಇನ್ನೂ ಸೂಕ್ಷ್ಮವಾದುದು. ಚುಚ್ಚುಮದ್ದಿನ ಶೀಷೆಯ ಬಾಯಿಗೆ ರಬ್ಬರಿನ ಬಿರಡೆಯಿರುತ್ತದೆ. ಸೂಜಿಯು ಅದನ್ನು ತೂರಿಕೊಂಡೇ ಔಷಧವನ್ನು ಮುಟ್ಟಬೇಕು. ಸಿರಿಂಜಿನೊಳಗೆ ಔಷಧವನ್ನು ನೂಕುವ ದಂಡದ ತುದಿಯೂ, ಔಷಧ ತುಂಬಿಯೇ ಬರುವ ಸಿರಿಂಜುಗಳ ಸೂಜಿಯ ಮುಚ್ಚಳವೂ ಕೆಲವೊಮ್ಮೆ ರಬ್ಬರಿನವು. ಔಷಧವು ನಿರ್ದೋಷವಾಗಿದ್ದರೂ ಅದರ ಬಿರಡೆಯಲ್ಲಿ ದೋಷವಿರಬಹುದು. ಒಣಗಿದ ರಬ್ಬರನ್ನು ಅಚ್ಚಿನಲ್ಲಿ ಒತ್ತಿ ಮಾಡಿದ ಬಿರಡೆಗಳಿಂದ ಪ್ರೋಟೀನು ಹೊರಬರುವುದು ಬಹಳ ಕಡಿಮೆ. ಇಂದು ಅನೇಕ ಬಿರಡೆಗಳನ್ನು ಕೃತಕ ರಬ್ಬರಿನಿಂದಲೇ ಮಾಡುತ್ತಾರೆ. ಆದರೂ ತೀವ್ರವಾದ ಅಲರ್ಜಿಯುಳ್ಳ ವ್ಯಕ್ತಿಗೆ ಲಸಿಕೆಯನ್ನೋ ಚುಚ್ಚುಮದ್ದನ್ನೋ ಕೊಡುವ ಮುನ್ನ ಔಷಧದೊಡನೆ ಬರುವ ವಿವರಣಾ ಪತ್ರವನ್ನು ಓದುವುದು ಅವಶ್ಯಕ.

ಈ ಅಲರ್ಜಿಗೂ ಕೆಲವು ಹಣ್ಣುಗಳಿಗೂ ಸಂಬಂಧವಿರುವುದು ಕುತೂಹಲಕರವಾಗಿದೆ. ಬಾಳೆ, ಬೆಣ್ಣೆಹಣ್ಣು, ಕಿವಿ, ಪರಂಗಿ ಮೊದಲಾದ ಹಣ್ಣುಗಳಲ್ಲಿ ಲ್ಯಾಟೆಕ್ಸಿನ ಪ್ರೋಟೀನನ್ನು ಹೋಲುವ ಪ್ರೋಟೀನುಗಳಿವೆ. ಒಂದನ್ನು ಶತ್ರುವೆಂದು ಗುರುತಿಸಿದ ದೇಹವು ಅದರ ಹೋಲಿಕೆಯುಳ್ಳ ಇನ್ನೊಂದನ್ನೂ ಶತ್ರುವೆಂದೇ ಎಣಿಸುತ್ತದೆ. ಬಾಳೆಹಣ್ಣು ತಿಂದಾಗ ಬಾಯಲ್ಲಿ ತುರಿಕೆಯಾಗುವವನಿಗೆ ಲ್ಯಾಟೆಕ್ಸ್ ಅಲರ್ಜಿ ಇದ್ದೇ ಇದೆ ಎನ್ನುವಂತಿಲ್ಲ. ಆದರೆ ವೈದ್ಯನು ಇಂತಹ ಸಂಗತಿಯನ್ನು ಕೇಳಿ ತಿಳಿದುಕೊಳ್ಳಬೇಕು. ರೋಗಿಯು ಅದನ್ನು ಕ್ಷುಲ್ಲಕವೆಂದು ಮುಚ್ಚಿಡಬಾರದು. ಸಂದೇಹವಿದ್ದಲ್ಲಿ ಚರ್ಮದ ಮೇಲೆ ಸೂಕ್ಷ್ಮವಾಗಿ ಚುಚ್ಚಿ ನೋಡುವ ಪರೀಕ್ಷೆಯಿಂದಲೋ ರಕ್ತಪರೀಕ್ಷೆಯಿಂದಲೋ ನಿರ್ಧರಿಸಬಹುದು.

ಅಪಾಯದ ಮೂಲವು ತಿಳಿದ ಮೇಲೆ ಅದರ ನಿವಾರಣೆಯ ಮಾರ್ಗವೂ ತೆರೆಯಿತು. ಸಹಜ ರಬ್ಬರಿನ ಹಾಲಿನಿಂದ ಮಾಡಿದ ವೈದ್ಯಕೀಯ ಸಾಧನಗಳ ಮೇಲೆ ಅಲರ್ಜಿಯ ಎಚ್ಚರಿಕೆಯನ್ನು ಮುದ್ರಿಸಬೇಕೆಂಬ ನಿಯಮವು ಅಮೆರಿಕದಲ್ಲಿ 1998ರ ಸೆಪ್ಟೆಂಬರಿನಿಂದ ಜಾರಿಗೆ ಬಂದಿತು. ಜರ್ಮನಿಯಲ್ಲಿ ಪುಡಿ ಸವರಿದ ಲ್ಯಾಟೆಕ್ಸ್ ಕೈಗವಸುಗಳ ಬಳಕೆಯನ್ನು ಅದೇ ಕಾಲದಲ್ಲಿ ನಿಲ್ಲಿಸಲಾಯಿತು. ಕೆಲವೇ ವರ್ಷಗಳಲ್ಲಿ ಅಲ್ಲಿಯ ಆಸ್ಪತ್ರೆಗಳ ಸಿಬ್ಬಂದಿಯಲ್ಲಿ ಹೊಸದಾಗಿ ಅಲರ್ಜಿಗೆ ತುತ್ತಾಗುವವರ ಸಂಖ್ಯೆಯು ಗಣನೀಯವಾಗಿ ಇಳಿಯಿತು. ಯಾವ ಹೊಸ ಔಷಧವೂ ಇದಕ್ಕೆ ಬೇಕಾಗಲಿಲ್ಲ. ಪುಡಿಯನ್ನು ಬಿಟ್ಟು ಪೊರೆಯನ್ನು ಚೆನ್ನಾಗಿ ತೊಳೆದುದೇ ಸಾಕಾಯಿತು. ಅಮೆರಿಕವು ಪುಡಿಯುಳ್ಳ ವೈದ್ಯಕೀಯ ಕೈಗವಸುಗಳನ್ನು 2017ರ ಜನವರಿಯಿಂದ ಸಂಪೂರ್ಣವಾಗಿ ನಿಷೇಧಿಸಿತು. 1979ರ ಆ ಚಿಕ್ಕ ವರದಿಯಿಂದ ಈ ನಿಷೇಧದವರೆಗೆ ಸುಮಾರು ನಲವತ್ತು ವರ್ಷಗಳು ಹಿಡಿದುವು.

ಈಗ ಸಹಜ ರಬ್ಬರಿಗೆ ಬದಲಾಗಿ ನೈಟ್ರೈಲ್, ನಿಯೊಪ್ರೀನ್ ಮೊದಲಾದ ಕೃತಕ ರಬ್ಬರುಗಳಿಂದಲೂ ಕೈಗವಸುಗಳನ್ನು ಮಾಡುತ್ತಾರೆ. ಇವುಗಳಲ್ಲಿ ಮರದ ಹಾಲಿನ ಪ್ರೋಟೀನು ಇಲ್ಲ. ಆದರೆ ಹದಗೊಳಿಸುವ ರಾಸಾಯನಿಕಗಳು ಇರಬಹುದಾದ್ದರಿಂದ ಎರಡನೆಯ ಬಗೆಯ ಅಲರ್ಜಿಯುಳ್ಳವರು ಇಲ್ಲಿಯೂ ಎಚ್ಚರದಿಂದಿರಬೇಕು. ಮೆಕ್ಸಿಕೊ ದೇಶದ ಮರುಭೂಮಿಯಲ್ಲಿ ಬೆಳೆಯುವ ಗ್ವಾಯೂಲೆ ಎಂಬ ಪೊದೆಯಿಂದಲೂ ರಬ್ಬರನ್ನು ತೆಗೆಯುತ್ತಾರೆ. ಇದರ ಹಾಲಿನಲ್ಲಿ ರಬ್ಬರ್ ಮರದ ಅಲರ್ಜಿಕಾರಕ ಪ್ರೋಟೀನುಗಳಿಲ್ಲ. ನಮ್ಮ ಹೊಲಗದ್ದೆಗಳ ಬದಿಯಲ್ಲಿ ಹಬ್ಬಿ, ಚರ್ಮಕ್ಕೆ ತುರಿಕೆಯನ್ನು ತರುವ ಪಾರ್ಥೇನಿಯಂ ಕಳೆಯೂ ಈ ಪೊದೆಯೂ ಒಂದೇ ಸಸ್ಯಜಾತಿಗೆ ಸೇರಿದವು!

ಲ್ಯಾಟೆಕ್ಸ್ ಅಲರ್ಜಿಯನ್ನು ಪೂರ್ಣವಾಗಿ ಗುಣಪಡಿಸುವ ಸಾಮಾನ್ಯ ಚಿಕಿತ್ಸೆಯು ಇನ್ನೂ ಬಳಕೆಗೆ ಬಂದಿಲ್ಲ. ಆಘಾತವಾದಾಗ ತೊಡೆಯ ಸ್ನಾಯುವಿಗೆ ತಕ್ಷಣವೇ ಅಡ್ರಿನಲಿನ್ ಚುಚ್ಚುಮದ್ದನ್ನು ಕೊಡಬೇಕು. ಆದರೆ ಆಘಾತವೇ ಆಗದಂತೆ ರಬ್ಬರಿನ ಸಂಪರ್ಕದಿಂದ ದೂರವಿರುವುದು ಉತ್ತಮವಾದ ಮಾರ್ಗ. ಶಸ್ತ್ರಚಿಕಿತ್ಸೆಗೆ, ಹಲ್ಲಿನ ಚಿಕಿತ್ಸೆಗೆ, ಹೆರಿಗೆಗೆ, ಲಸಿಕೆಗೆ ಹೋಗುವಾಗ ಅಲರ್ಜಿಯುಳ್ಳವರು ಅದನ್ನು ಮೊದಲೇ ತಿಳಿಸಬೇಕು. ಬಲೂನನ್ನು ಊದಿದಾಗ ತುಟಿ ಊದಿಕೊಂಡಿದ್ದರೆ, ಕೈಗವಸು ತೊಟ್ಟಾಗ ಗಂಧೆಗಳೆದ್ದಿದ್ದರೆ ಅದನ್ನೂ ಹೇಳಬೇಕು. ಅರಿವಳಿಕೆಯಲ್ಲಿರುವ ರೋಗಿಯು ತನ್ನ ಸಂಕಟವನ್ನು ಹೇಳಿಕೊಳ್ಳಲಾರ. ಹೇಳುವ ಕಾಲವು ಅದಕ್ಕೆ ಮುಂಚೆಯೇ. ತಿಳಿದುಕೊಂಡ ಆಸ್ಪತ್ರೆಯವರು ರಬ್ಬರಿಲ್ಲದ ಸಾಧನಗಳನ್ನು ಸಿದ್ಧಪಡಿಸಿಕೊಳ್ಳುತ್ತಾರೆ. ಸಾಧ್ಯವಾದಲ್ಲಿ ಇತರರ ಚಿಕಿತ್ಸೆ ಆರಂಭವಾಗುವ ಮುನ್ನ, ಮುಂಜಾನೆಯ ಮೊದಲ ಸರದಿಯಲ್ಲಿ ಅವರ ಶಸ್ತ್ರಚಿಕಿತ್ಸೆಯನ್ನು ನಡೆಸುತ್ತಾರೆ.

ರಬ್ಬರ್ ಕೈಗವಸಿನಿಂದ ಮಾನವಕುಲಕ್ಕೆ ಆದ ಉಪಕಾರವು ಅಪಾರವಾದುದು. ಅದು ಅಸಂಖ್ಯಾತ ರೋಗಿಗಳನ್ನು ಸೋಂಕಿನಿಂದ ಕಾಪಾಡಿದೆ, ಇಂದಿಗೂ ಕಾಪಾಡುತ್ತಿದೆ. ಆದರೆ ಬಹುಜನರಿಗೆ ಹಿತವಾದುದು ಪ್ರತಿಯೊಬ್ಬರಿಗೂ ಹಿತವಾಗಿಯೇ ಇರಬೇಕೆಂಬ ನಿಯಮವಿಲ್ಲ. ಹಾಲ್‌ಸ್ಟೆಡ್ಡನು ಒಬ್ಬ ದಾದಿಯ ಕೈಗಳ ನೋವನ್ನು ಅಲಕ್ಷಿಸಲಿಲ್ಲ. ಅದರಿಂದ ಜಗತ್ತಿಗೆ ಕೈಗವಸು ದೊರೆಯಿತು. ಮುಂದಿನ ವೈದ್ಯರು ಕೈಗವಸಿನಿಂದಲೇ ನೊಂದ ಕೆಲವರ ಮಾತನ್ನು ಅಲಕ್ಷಿಸಲಿಲ್ಲ. ಅದರಿಂದ ಕೈಗವಸು ಹೆಚ್ಚು ನಿರಪಾಯವಾಯಿತು. ಆ ಮಾತಿಗೆ ಇನ್ನಷ್ಟು ಬೇಗ ಬೆಲೆ ದೊರೆತಿದ್ದರೆ ಇನ್ನೂ ಕೆಲವು ಜೀವಗಳು ಉಳಿಯುತ್ತಿದ್ದುವು.

ಅಭ್ಯಾಸ

1. ಗಿಡಮರಗಳಿಗೆ ತಮ್ಮ ಹಾಲಿನಿಂದ ಆಗುವ ಪ್ರಯೋಜನಗಳೇನು?
2. ಹಾಲ್‌ಸ್ಟೆಡ್ಡನು ರಬ್ಬರ್ ಕೈಗವಸುಗಳನ್ನು ಮಾಡಿಸಿದ ಸಂದರ್ಭವನ್ನು ವಿವರಿಸಿರಿ.
3. ಕೈಗವಸಿನಿಂದಾಗುವ ಮೂರು ಬಗೆಯ ತೊಂದರೆಗಳಿಗಿರುವ ವ್ಯತ್ಯಾಸವೇನು? ಪ್ರಾಣಾಪಾಯವಿರುವುದು ಯಾವುದರಲ್ಲಿ?
4. ಕೈಗವಸನ್ನು ಮುಟ್ಟದವರಿಗೂ ಲ್ಯಾಟೆಕ್ಸ್ ಅಲರ್ಜಿಯ ತೊಂದರೆ ಹೇಗೆ ಉಂಟಾಗುತ್ತಿತ್ತು? ಅದನ್ನು ಹೇಗೆ ನಿವಾರಿಸಲಾಯಿತು?
5. 'ಔಷಧವು ನಿರ್ದೋಷವಾಗಿದ್ದರೂ ಅದರ ಬಿರಡೆಯಲ್ಲಿ ದೋಷವಿರಬಹುದು.' ಈ ಮಾತನ್ನು ಸ್ಪಷ್ಟಪಡಿಸಿರಿ.